ಅಂಗಾಲು ಒರೆಸಿಕೊಂಡು

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಏವನ್ ಕಮರಿಯಲ್ಲಿ ಮಳೆ ನಿಂತು ಒಂದೆರಡು ದಿನ ಬಿಸಿಲು ಬಿದ್ದರೆ ಸಾಕು, ಸುಣ್ಣಕಲ್ಲಿನ ಗೋಡೆ ಮೇಲಿನಿಂದ ಒಣಗುತ್ತ ಬರುತ್ತದೆ. ಬುಡ ಒಣಗುವುದು ಮಾತ್ರ ತಡ. ಪೊದೆಗಳ ನಡುವೆ ಹತ್ತಿ ಹೋಗುವ ಕಾಲುದಾರಿಯಲ್ಲಿ ಕೆಸರು ಹಾಗೇ ಉಳಿದಿರುತ್ತದೆ. ಮೊನ್ನೆ ಅಂಥದೊಂದು ಮಧ್ಯಾಹ್ನ ವಿಎಸ್ (ವೆರಿ ಸಿವಿಯರ್) ದರ್ಜೆಯ ಹಳೆಯ ಹಾದಿಯೊಂದರ ಬುಡದಲ್ಲಿ ಸರದಿಗಾಗಿ ನಿಂತಿದ್ದೆವು. ನಮಗಿಂತ ಮುಂದಿದ್ದ ತರುಣ ಕ್ಲೈಂಬಿಂಗ್ ಶೂ ಬಿಗಿದುಕೊಂಡು ಆ ಕೆಸರಿನಲ್ಲೇ ಓಡಾಡಿದ. ಹಗ್ಗ ಬಿಡಿಸಿದ, ಜೊತೆಗಾತಿಗೆ ನೀರಿನ ಬಾಟಲಿ ಕೊಟ್ಟು ಬಂದ, ಬಿರುಕಿಗೆ ಸಿಕ್ಕಿಸುವ ಲೋಹದ ನಟ್‌ಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಅದೇ ಕಾಲನ್ನು ಬಂಡೆಯ ಮೇಲಿಟ್ಟ. ಜಾರಿತು. ಮತ್ತೆ ಇಟ್ಟು ತಿರುಚಿ ತಿರುಚಿ ಒತ್ತಿದ. ನನಗೆ ನೋಡಲಾಗಲಿಲ್ಲ. "ಬಿಡು ಮಾರಾಯಾ, ಕಲ್ಲು ಅದು. ಎಷ್ಟು ಸವೆದೀತು?" ಎಂದ ನನ್ನ ಹಗ್ಗದ ಜೊತೆಗಾರ. ಅವನು ಪುತ್ತೂರಿನವನು, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವನಲ್ಲ.

ಎಷ್ಟು ಸವೆಯುತ್ತದೆಂದು ಹೇಳುತ್ತೇನೆ. ಸುಣ್ಣಕಲ್ಲೆಂದರೆ ಬಹುಪಾಲು ಕ್ಯಾಲ್ಸೈಟ್. ಗಡಸುತನದ ಮೋಸ್ ಮಾಪನದಲ್ಲಿ ಅದರ ಸ್ಥಾನ 3. ಕೆಸರಿನಲ್ಲಿ ಸೇರಿಕೊಂಡ ಮರಳಿನ ಕಣ ಬೆಣಚು, ಅದರದು 7. ಶೂವಿನ ಮೆತ್ತನೆ ರಬ್ಬರು ಆ ಕಣಗಳನ್ನು ಕಚ್ಚಿ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಒಬ್ಬ ಮನುಷ್ಯನ ಭಾರವಿಟ್ಟು ತಿರುಚಿದರೆ ಕಲ್ಲಿನ ಗತಿ ಏನು? ನಮ್ಮ ಹಳೆಯ ಮನೆಗಳ ಶಹಾಬಾದ್ ಕಲ್ಲಿನ ನೆಲ ನೆನಪಿಸಿಕೊಳ್ಳಿ. ಅದೂ ಸುಣ್ಣಕಲ್ಲೇ. ಪಡಸಾಲೆಯಿಂದ ಅಡುಗೆಮನೆಗೆ ಜನ ನಡೆದ ಜಾಡು ನುಣ್ಣಗಾಗಿ, ಗೋಡೆ ಬದಿಯ ಕಲ್ಲು ಒರಟಾಗಿಯೇ ಉಳಿದಿರುತ್ತದಲ್ಲ, ಇಲ್ಲಿ ಆಗುವುದೂ ಅದೇ. ವ್ಯತ್ಯಾಸವೆಂದರೆ ಇಲ್ಲಿ ಆ ಜಾಡು ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಜಾರಿದರೆ ಹಗ್ಗವೇ ಗತಿ.

ರಾಮನಗರದಲ್ಲೋ ಸಾವನದುರ್ಗದಲ್ಲೋ ಏರುವುದನ್ನು ಕಲಿತವರಿಗೆ ಇದು ಥಟ್ಟನೆ ಹೊಳೆಯುವುದಿಲ್ಲ. ಅಲ್ಲಿನದು ಗ್ರಾನೈಟು, ಸುಮಾರು 250 ಕೋಟಿ ವರ್ಷ ಹಳೆಯದು. ಅದರಲ್ಲಿ ಫೆಲ್ಡ್‌ಸ್ಪಾರ್, ಬೆಣಚಿನಂಥ ಗಡಸು ಖನಿಜಗಳೇ ತುಂಬಿರುವುದರಿಂದ ಬೆಣಚು ಮರಳಿಗೆ ಅದು ಸುಲಭವಾಗಿ ಸೋಲುವುದಿಲ್ಲ. ಬ್ರಿಸ್ಟಲ್‌ನ ಈ ಕಲ್ಲು ಸುಮಾರು 35 ಕೋಟಿ ವರ್ಷದ ಹಿಂದೆ ಬೆಚ್ಚನೆಯ ಕಡಲ ತಳದಲ್ಲಿ ಚಿಪ್ಪು, ಹವಳ, ಕ್ರೈನಾಯ್ಡು ಎಂಬ ದಂಟಿನಂಥ ಕಡಲಜೀವಿಗಳು ಬಿದ್ದು ಬಿದ್ದು ಕಟ್ಟಿದ್ದು. ಯಾರೂ ಹೆಚ್ಚಾಗಿ ಮುಟ್ಟದ ಕಡೆ ಕಣ್ಣು ಹತ್ತಿರ ಇಟ್ಟು ನೋಡಬೇಕು. ಕ್ರೈನಾಯ್ಡಿನ ದಂಟಿನ ತುಣುಕುಗಳು ಸಣ್ಣ ಸಣ್ಣ ಬಿಲ್ಲೆಗಳಾಗಿ ಮೇಲೆದ್ದು ನಿಂತಿರುತ್ತವೆ, ಬೆರಳಿಗೆ ತರಿತರಿ ಸಿಗುತ್ತವೆ. ಮಳೆನೀರು ಸುತ್ತಲಿನ ಕಲ್ಲನ್ನು ನಿಧಾನವಾಗಿ ಕರಗಿಸಿ ಅವನ್ನು ಹೊರಗೆ ಬಿಟ್ಟಿದೆ. ಕಾಲಿಗೆ ಹಿಡಿತ ಕೊಡುವುದು ಆ ತರಿ. ಜನ ದಿನವೂ ಹತ್ತುವ ಹಾದಿಯಲ್ಲಿ ಅದೇ ಬಿಲ್ಲೆಗಳು ನೆಲಮಟ್ಟವಾಗಿ, ಬರೀ ಬಿಳಿ ಗುರುತಾಗಿ ಉಳಿದಿವೆ. ಕಣ್ಣಿಗೆ ಕಾಣುತ್ತವೆ, ಬೆರಳಿಗೆ ಸಿಗುವುದಿಲ್ಲ.

ಈ ಸವೆತ ತಡೆಯಲು ನಾನು ಮಾಡುವುದು ಇಷ್ಟು. ಹಳೆಯ ಕಂಬಳಿಯ ಒಂದು ತುಂಡು ಚೀಲದಲ್ಲಿರುತ್ತದೆ, ಮೊಣಕಾಲುದ್ದ ಸಾಕು. ಅದನ್ನು ಬಂಡೆಗೆ ತಾಗುವಂತೆ ಹಾಸುತ್ತೇನೆ. ನಡುವೆ ಒಂದು ಹೆಜ್ಜೆ ನೆಲ ಬಿಟ್ಟರೂ ಮಾಡಿದ್ದೆಲ್ಲ ವ್ಯರ್ಥ. ಗಂಟು ಹಾಕುವುದು, ನಟ್ ಎಣಿಸುವುದು, ಜೊತೆಗಾರ ಹಗ್ಗ ಹಿಡಿದು ಕಾಯುವ ಬಿಲೇ ನೋಡುವುದು ಎಲ್ಲ ಮಾಮೂಲಿ ಬೂಟಿನಲ್ಲೇ ಮುಗಿಯಬೇಕು. ಕ್ಲೈಂಬಿಂಗ್ ಶೂ ಕೊನೆಗೆ. ಕಂಬಳಿಯ ಮೇಲೆ ಕೂತು ಒಂದು ಕಾಲಿಗೆ ಹಾಕಿಕೊಂಡು, ಅಂಗಾಲನ್ನು ಮೇಲೆತ್ತಿ, ಒಣ ಅಂಗೈಯಿಂದ ತೀಡಬೇಕು. ಮೊದಲು ಹೆಬ್ಬೆರಳಿನ ಕೆಳಗಿನ ಅಂಚು, ನಂತರ ಮುಂಭಾಗ. ಹಿಮ್ಮಡಿಯನ್ನು ಮರೆಯುವಂತಿಲ್ಲ, ಏಕೆಂದರೆ ಬಿರುಕಿನ ಹಾದಿಯಲ್ಲಿ ಅದೂ ಕಲ್ಲಿಗೆ ತಾಗುತ್ತದೆ. ಧೂಳು ಹೋದ ಮೇಲೆ ಒಂದಿಷ್ಟು ಉಗುಳು ಹಚ್ಚಿ ಮತ್ತೆ ಒಣಗುವವರೆಗೆ ತೀಡಿದರೆ ರಬ್ಬರು ಕಿರ್‌ರ್ ಎನ್ನುತ್ತದೆ. ಆ ಸದ್ದು ಬರುವವರೆಗೂ ನಾನು ಏಳುವುದಿಲ್ಲ. ಎರಡೂ ಶೂಗಳ ಅಂಗಾಲನ್ನು ಒಂದಕ್ಕೊಂದು ತಿಕ್ಕುವವರಿದ್ದಾರೆ. ಅದರಿಂದ ಕೆಸರು ಈ ಕಾಲಿನಿಂದ ಆ ಕಾಲಿಗೆ ಹೋಗುತ್ತದೆ, ಅಷ್ಟೇ. ಪ್ಯಾಂಟಿನ ಮೀನಖಂಡಕ್ಕೆ ಒರೆಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಮೇಲು. ಗೋಡೆಯ ನಡುವೆ ಮಣ್ಣು ತುಂಬಿದ ಜಗಲಿ ಸಿಕ್ಕರೆ, ಅಲ್ಲಿಂದ ಮುಂದಕ್ಕೆ ಏರುವಾಗ ಅದೇ ದಾರಿ. ಶುಚಿಯಾದ ರಬ್ಬರಿನಿಂದ ಕಾಲು ನಿಲ್ಲುವ ರೀತಿಯೇ ಬೇರೆ. ಕಾಲಿಟ್ಟ ಮೇಲೆ ಅದನ್ನು ಅಲ್ಲಾಡಿಸುವ ಅಗತ್ಯ ಬೀಳುವುದಿಲ್ಲ. ಭಾರ ಹಾಕಿದ ಕ್ಷಣವೇ ಹಿಡಿತ ಸಿಕ್ಕಿತೆಂದು ಮೈಗೆ ಗೊತ್ತಾಗುತ್ತದೆ. ಆ ಸುಖಕ್ಕಾಗಿ ನಾನು ಎಷ್ಟು ಹೊತ್ತಾದರೂ ಕೂತು ತೀಡಬಲ್ಲೆ.

ನನ್ನ ಜಗಳ ಆ ತರುಣನ ಮೇಲಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಜಗಳ ಇರುವುದು ಹೇಳಿಕೊಡಬೇಕಾದವರ ಮೇಲೆ. ವಾರಾಂತ್ಯದಲ್ಲಿ ಗುಂಪು ಗುಂಪಾಗಿ ಹೊಸಬರನ್ನು ಕರೆತಂದು, ಮೇಲಿನಿಂದ ಹಗ್ಗ ಇಳಿಬಿಟ್ಟು, ಒಂದೇ ಹಾದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಏರಿಸುವ ತರಬೇತುದಾರರಿದ್ದಾರೆ. ಎಂಟರ ಗಂಟನ್ನು ಅರ್ಧ ಗಂಟೆ ಕಲಿಸುತ್ತಾರೆ, ಹೆಲ್ಮೆಟ್ ಪಟ್ಟಿಯನ್ನು ಒಬ್ಬೊಬ್ಬರದೂ ಎಳೆದು ನೋಡುತ್ತಾರೆ. ಸರಿಯೇ, ಅದು ಜೀವದ ಮಾತು. ಆದರೆ ಅಂಗಾಲಿನ ಬಗ್ಗೆ ಒಂದು ಮಾತಿಲ್ಲ. ಅಷ್ಟೂ ಮಂದಿ ಕೆಸರುಗಾಲಿನಲ್ಲಿ ಕಾಲಿಡುವ ಅದೇ ಮೊದಲ ಹೋಲ್ಡನ್ನು ತುಳಿಯುತ್ತಾರೆ, ಜಾರುತ್ತಾರೆ, ಮತ್ತೆ ತುಳಿಯುತ್ತಾರೆ. ಒಮ್ಮೆ ಕೇಳಿದ್ದಕ್ಕೆ ಒಬ್ಬರು, "ಈ ಹಾದಿ ಆಗಲೇ ನುಣ್ಣಗಾಗಿದೆ, ಇನ್ನೇನು ಉಳಿದಿದೆ?" ಎಂದರು. ಈ ಉತ್ತರ ಕೇಳಿದರೆ ನನಗೆ ಸಿಟ್ಟು ತಡೆಯುವುದಿಲ್ಲ. ನುಣ್ಣಗಾಗಿರುವುದಕ್ಕೇ ಅಲ್ಲವೇ ಜೋಪಾನ ಬೇಕಿರುವುದು? ಮೊಳೆ ಬಡಿದ ಬೂಟಿನ ಕಾಲದವರು ಬಂಡೆಯನ್ನು ಹಾಳುಮಾಡಿದರು ಎಂದು ದೂರುವುದೂ ಇದೇ ಜನ. ಆ ಹಳಬರಿಗೆ ಬೇರೆ ಬೂಟು ಇರಲಿಲ್ಲ. ಇವರಿಗೆ ಶೂವೂ ಇದೆ, ಅಂಗೈಯೂ ಇದೆ.

ತಂತಿ ಬ್ರಷ್ ತರುವವರನ್ನಂತೂ ಕ್ಷಮಿಸಲಾರೆ. ಏರುವವರ ಕೈಯಿಂದ ಅಂಟಿ ಜಿಗುಟಾದ ಚಾಕ್ ಪುಡಿ ತೆಗೆಯುತ್ತೇವೆಂದು ಉಕ್ಕಿನ ತಂತಿಯಿಂದ ಕ್ಯಾಲ್ಸೈಟನ್ನು ಉಜ್ಜುವುದೆಂದರೆ ಉಳಿದ ತರಿಯನ್ನೂ ಕೆರೆದು ಹಾಕಿದಂತೆ. ಸವೆದ ಹಲ್ಲುಜ್ಜುವ ಬ್ರಷ್ ಸಾಕು.

ಹೊಳಪು ಹತ್ತಿದ ಹಾದಿಯಲ್ಲೂ ಓದಬೇಕಾದ್ದು ಬಹಳ ಇದೆ. ಜೈಂಟ್ಸ್ ಕೇವ್ ಬಟ್ರೆಸ್, ಮಾಲ್ಬೋಗೀಸ್‌ನಂಥ ಹೆಸರಾದ ಹಾದಿಗಳಲ್ಲಿ ಎಲ್ಲರ ಕಾಲೂ ಹೋಗುವುದು ಹೋಲ್ಡಿನ ನಟ್ಟನಡುವಿಗೆ. ಅದರ ಪಕ್ಕದ ಒಂದಂಗುಲ ಯಾರಿಗೂ ಬೇಡ. ಹೆಬ್ಬೆರಳನ್ನು ಆ ಅಂಗುಲಕ್ಕೆ ಸರಿಸಿ, ಹಿಮ್ಮಡಿಯನ್ನು ತುಸು ಇಳಿಸಿ ನಿಂತರೆ ಕಾಲು ಅಲುಗುವುದಿಲ್ಲ. ಕಮರಿಯ ಕ್ಲಿಫ್ಟನ್ ಬದಿಯ ಗೋಡೆಗಳು ಪಡುವಣಕ್ಕೆ ಮುಖ ಮಾಡಿರುವುದರಿಂದ ಇಳಿಹೊತ್ತಿನ ಬಿಸಿಲು ಓರೆಯಾಗಿ ಬಿದ್ದು, ನುಣುಪಿನ ಜಾಗವೆಲ್ಲ ಮಿಂಚುತ್ತದೆ. ಒರಟು ಮಾತ್ರ ಮಂಕಾಗಿ ಉಳಿಯುತ್ತದೆ. ಮಂಕಾದದ್ದನ್ನು ಹುಡುಕಿ ಕಾಲಿಡುವುದೇ ಆ ಹೊತ್ತಿನ ಆಟ. ಹಾಗಾಗಿ ನನಗೆ ಬೆಳಗಿನ ಏರಿಕೆಗಿಂತ ಸಂಜೆಯದೇ ಇಷ್ಟ. ತಲೆಯ ಮೇಲೆ 1864ರಲ್ಲಿ ಸಂಚಾರಕ್ಕೆ ತೆರೆದ ತೂಗುಸೇತುವೆ, ಕೆಳಗೆ 1926ರಲ್ಲಿ ತೆರೆದ ಪೋರ್ಟ್‌ವೇ ರಸ್ತೆಯ ಲಾರಿಗಳ ಗದ್ದಲ, ಅದರಾಚೆ ಏವನ್ ನದಿ. ಇಳಿತದಲ್ಲಿ ಬರಿಯ ಕೆಸರಿನ ದಡವಾಗಿದ್ದದ್ದು ಹಾದಿ ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಉಬ್ಬರ ಬಂದು ತುಂಬಿಕೊಂಡಿರುತ್ತದೆ.

ಎದುರು ದಡದಲ್ಲಿ ಲೀ ವುಡ್ಸ್ ರಾಷ್ಟ್ರೀಯ ನಿಸರ್ಗಧಾಮ. ಕಮರಿಯ ಬಗ್ಗೆ ನಿಜವಾದ ಹುಚ್ಚು ಹಿಡಿಸಿದ್ದು ನನಗೆ ಆ ಬದಿ. ಈ ಸುಣ್ಣಕಲ್ಲಿನ ಬಿರುಕುಗಳಲ್ಲಿ ಬೇರುಬಿಟ್ಟ ವೈಟ್‌ಬೀಮ್ ಎಂಬ ಮರಗಳಿವೆ, ಎಲೆಯ ಅಡಿಭಾಗ ಬೆಳ್ಳಗೆ ನವಿರು ರೋಮದ್ದು. ಬ್ರಿಸ್ಟಲ್ ವೈಟ್‌ಬೀಮ್, ವಿಲ್ಮಾಟ್ ವೈಟ್‌ಬೀಮ್ ಎಂಬ ಪ್ರಭೇದಗಳು ಭೂಮಿಯಲ್ಲಿ ಇನ್ನೆಲ್ಲೂ ಇಲ್ಲ, ಈ ಕಮರಿಯಲ್ಲಿ ಮಾತ್ರ. ಇವು ನಿಷೇಚನವಿಲ್ಲದೆ ಬೀಜ ಕಟ್ಟುತ್ತವೆ, ಹುಟ್ಟುವ ಸಸಿ ತಾಯಿಯ ತದ್ರೂಪು. ಎಲ್ಲೋ ಒಮ್ಮೆ ಎರಡು ಬಗೆಯವು ಕೂಡಿ ಹೊಸದೊಂದು ಹುಟ್ಟಿದರೆ, ಅದೂ ಹೀಗೇ ತದ್ರೂಪು ಬೀಜ ಹಾಕುತ್ತ ತನ್ನದೇ ಕುಲ ಹಿಡಿಯುತ್ತದೆ. ಆದ್ದರಿಂದಲೇ ಇಷ್ಟು ಚಿಕ್ಕ ಕಮರಿಯಲ್ಲಿ ಇಷ್ಟೊಂದು ಬಗೆ. ಹಗ್ಗ ಕಟ್ಟಲು ಅಡ್ಡವಾಯಿತೆಂದು ಇಂಥ ಮರದ ಕೊಂಬೆ ಮುರಿಯುವವರೂ, ಸ್ಲಿಂಗ್ ಪಟ್ಟಿ ಹಾಕದೆ ಬರಿಯ ಹಗ್ಗವನ್ನು ಕಾಂಡಕ್ಕೆ ಸುತ್ತಿ ಎಳೆದು ತೊಗಟೆ ಸುಲಿಯುವವರೂ ಇದ್ದಾರೆ. ಚೆಡ್ಡರ್ ಕಮರಿಯ ನಿರ್ಬಂಧದ ಬಗ್ಗೆ ಗೊಣಗುವವರೂ ಇಂಥವರೇ. 1965ರಲ್ಲಿ ಕ್ರಿಸ್ ಬಾನಿಂಗ್ಟನ್ ಮತ್ತು ಟೋನಿ ಗ್ರೀನ್‌ಬ್ಯಾಂಕ್ ಏರಿದ ಕಾರೊನೇಷನ್ ಸ್ಟ್ರೀಟ್ ಎಂಬ ಹಾದಿ ಇರುವ ಬದಿಯಲ್ಲಿ ಪ್ರವಾಸಿ ದಟ್ಟಣೆಯ ತಿಂಗಳುಗಳಲ್ಲಿ ಏರಲು ಬಿಡುವುದಿಲ್ಲವೆಂದು ಮುನಿಸು. ಕೆಳಗೆ ರಸ್ತೆ, ಮೇಲಿನಿಂದ ಉದುರುವ ಕಲ್ಲು. ಬಿಡದಿರುವುದೇ ನ್ಯಾಯ.

ಕವಯಿತ್ರಿ, ಸಸ್ಯಶಾಸ್ತ್ರಜ್ಞೆ ಲಿಬಿ ಹ್ಯೂಸ್ಟನ್ ಇದೇ ಏವನ್ ಬಂಡೆಗಳಲ್ಲಿ ಹಗ್ಗದ ಮೇಲೆ ತೂಗಿಕೊಂಡು ವೈಟ್‌ಬೀಮ್‌ಗಳನ್ನು ಹುಡುಕಿದವರು. ಅವರ ಹೆಸರು ಹೊತ್ತ ಹ್ಯೂಸ್ಟನ್ ವೈಟ್‌ಬೀಮ್ ಎಂಬ ಮಿಶ್ರತಳಿಯ ಒಂದೇ ಒಂದು ಮರ ಗೊತ್ತಿರುವುದು, ಅದೂ ಈ ಕಮರಿಯಲ್ಲೇ. ನಾವು ಹೋಲ್ಡ್ ಹುಡುಕುವ ಕಣ್ಣಿನಲ್ಲಿ ಅವರು ಎಲೆ ಹುಡುಕಿದ್ದಾರೆ, ಅದೇ ಹಗ್ಗ, ಅದೇ ಬಿರುಕು, ಅದೇ ಅಂಗುಲ. ಅವರ ಕೆಲಸ ತಿಳಿದ ಮೇಲೆ ನಾನು ಹಾದಿ ಆರಿಸುವ ಲೆಕ್ಕ ಬದಲಾಯಿತು. ಪುತ್ತೂರಿನವನಿಗೆ ಈ ಸಲ ಮತ್ತೆ ಮಾಲ್ಬೋಗೀಸ್ ಆಗಬೇಕು. ನನಗೆ ಅದರ ಅರ್ಧದಷ್ಟೂ ಹೆಸರಿಲ್ಲದ ಒಂದು ಹಾದಿ ಬೇಕು, ಬಿಲೇ ಜಗಲಿಯ ಪಕ್ಕಕ್ಕೇ ವೈಟ್‌ಬೀಮ್ ಇರುವುದು. ಹಣ್ಣು ಬಿಡುವ ಸೆಪ್ಟೆಂಬರ್‌ವರೆಗೂ ಅದು ಯಾವುದೆಂದು ನನಗೆ ಖಚಿತವಾಗದು. ಬ್ರಿಸ್ಟಲ್‌ನದಾದರೆ ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಬೇಕು, ವಿಲ್ಮಾಟ್‌ನದಾದರೆ ಕೆಂಪಿಗೆ.