ಐದು ಕೋಟಿ ಪ್ರಾಣದ ಡ್ರ್ಯಾಗನ್

ಬೇಟೆಯ ಕಥೆ ಎಂದರೆ ನಮ್ಮ ತಲೆಮಾರಿನವರಿಗೆ ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಆ ಕಥೆಗಳಲ್ಲಿ ಗುಂಡು ಹಾರುವುದು ಕೊನೆಯ ಒಂದೆರಡು ಸಾಲುಗಳಲ್ಲಿ ಮಾತ್ರ. ಅದಕ್ಕೂ ಮೊದಲಿನದೆಲ್ಲ ಹೆಜ್ಜೆಗುರುತು, ಹಳ್ಳಿಯವರ ಅಳಲು, ಕತ್ತಲಲ್ಲಿ ಕಾಯುವಿಕೆ. ಬೇಟೆಯ ಸ್ವಾರಸ್ಯ ಕೊಲ್ಲುವುದಕ್ಕಿಂತ ಹುಡುಕುವುದರಲ್ಲೇ ಹೆಚ್ಚು. ಇದೇ ಮಾತು ಇಂದಿನ ಮಕ್ಕಳ ಕೆಲವು ಕಂಪ್ಯೂಟರ್ ಆಟಗಳಿಗೂ ಸಲ್ಲುತ್ತದೆ ಎಂದರೆ ಪೋಷಕರು ಹುಬ್ಬೇರಿಸಬಹುದು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನಾನು ಪ್ರಮಾಣವಿಲ್ಲದೆ ಏನನ್ನೂ ಹೇಳುವವನಲ್ಲ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಜಪಾನಿನ ಸ್ಕ್ವೇರ್ ಎಂಬ ಕಂಪನಿಯಲ್ಲಿ ಹಿರೊನೊಬು ಸಕಾಗುಚಿ ಎಂಬುವರು 1987ರಲ್ಲಿ ‘ಫೈನಲ್ ಫ್ಯಾಂಟಸಿ’ ಎಂಬ ಆಟವನ್ನು ರೂಪಿಸಿದರು. ಫೈನಲ್ ಎಂದರೆ ಕೊನೆಯದು. ಆದರೆ ಆ ಕೊನೆಗೆ ಕೊನೆಯೇ ಇಲ್ಲ! 2023ರಲ್ಲಿ ಅದರ ಹದಿನಾರನೆಯ ಕಂತು ಬಂತು. ಪ್ರತಿ ಕಂತಿಗೂ ಬೇರೆ ಲೋಕ, ಬೇರೆ ಕಥೆ, ಬೇರೆ ಪಾತ್ರಗಳು. ಆಡುವವನು ಪಾತ್ರಗಳನ್ನು ತಾನೇ ನಡೆಸುತ್ತಾನೆ. ಅವು ಅನುಭವ ಗಳಿಸಿದಂತೆ ಬಲಿಯುತ್ತವೆ. ಈ ಲೋಕಗಳಲ್ಲಿ ಹಲವುಗಳಲ್ಲಿ ಮುಖ್ಯ ಕಥೆಯ ಪಕ್ಕದಲ್ಲಿ ಕೆಲವು ಭಯಂಕರ ಪ್ರಾಣಿಗಳು ಹೊಂಚುಹಾಕಿ ಕುಳಿತಿರುತ್ತವೆ. ಅವನ್ನು ಎದುರಿಸಲೇಬೇಕೆಂಬ ಕಡ್ಡಾಯವಿಲ್ಲ. ಬಹುಶಃ ಅದಕ್ಕೇ ಮಕ್ಕಳಿಗೆ ಅವು ಅಷ್ಟು ಪ್ರಿಯ. ಸಿಲಬಸ್ಸಿನಲ್ಲಿಲ್ಲದ ಪಾಠದ ರುಚಿಯೇ ಬೇರೆ ಎಂಬುದು ಎಲ್ಲ ಮೇಷ್ಟ್ರುಗಳಿಗೂ ಗೊತ್ತು.

ಇದೆಲ್ಲ ನನಗೆ ತಿಳಿದದ್ದು ನಮ್ಮ ಮಗನಿಂದ. ಅವನು ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಒಂದರಲ್ಲಿ ಫೇಲಾದ. ವಿಜ್ಞಾನದ ಮೇಷ್ಟ್ರ ಮಗ ಭೌತಶಾಸ್ತ್ರದಲ್ಲಿ ಫೇಲು ಎಂದರೆ ಊರಿನವರಿಗೆ ಸುದ್ದಿ, ಮನೆಯವರಿಗೆ ಮೌನ. ಊಟದ ಹೊತ್ತಿಗೆ ‘ಸಾರು ಹಾಕಲೇನೋ?’ ಎಂದು ಅವನಮ್ಮ ಕೇಳುವ ಮಾತಿನ ಹೊರತು ಮನೆಯಲ್ಲಿ ಸದ್ದಿರಲಿಲ್ಲ. ಅವನ ಕೋಣೆಯ ಬಾಗಿಲು ಅರ್ಧ ಮುಚ್ಚಿಯೇ ಇರುತ್ತಿತ್ತು. ಒಂದು ಸಂಜೆ ನಾನು ಒಳಗೆ ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಪರದೆಯ ಮೇಲೆ ಮರಳುಗಾಡು. ಹುಡುಗನೊಬ್ಬ ಕತ್ತಿ ಹಿಡಿದು ನಿಂತಿದ್ದ.

‘ಯಾರೋ ಇವನು?’ ಎಂದೆ.

‘ವಾನ್ ಅಂತ. ಅಪ್ಪ ಅಮ್ಮ ಇಲ್ಲ. ಅಣ್ಣ ಯುದ್ಧದ ಕಾಲದಲ್ಲಿ ಸತ್ತ’ ಎಂದ. ಬಹಳ ದಿನಗಳ ಮೇಲೆ ಅವನ ಬಾಯಿಂದ ಹೊರಟ ಉದ್ದನೆಯ ಮಾತು ಅದು.

ಅದು ಸರಣಿಯ ಹನ್ನೆರಡನೆಯ ಆಟ. ಮೊದಲು ಬಂದದ್ದು 2006ರಲ್ಲಿ. ಪರಿಷ್ಕೃತ ರೂಪ 2017ರಲ್ಲಿ. ಬೇಟೆಗೆ ಒಂದು ಕ್ರಮವನ್ನು ಕೊಟ್ಟದ್ದು ಈ ಆಟದ ಹೆಚ್ಚುಗಾರಿಕೆ. ಹೋಟೆಲಿನ ಗೋಡೆಯ ಮೇಲೆ ಒಂದು ಸೂಚನಾ ಫಲಕ. ಅದರಲ್ಲಿ, ಇಂಥ ಪ್ರಾಣಿಯಿಂದ ತೊಂದರೆಯಾಗಿದೆ ಎಂಬ ಚೀಟಿಗಳು. ಚೀಟಿ ನೋಡಿದ ಕೂಡಲೇ ಕತ್ತಿ ಬೀಸಿಕೊಂಡು ಓಡುವಂತಿಲ್ಲ. ಚೀಟಿ ಹಚ್ಚಿದವರನ್ನು ಹುಡುಕಿ, ಅವರ ಕಷ್ಟವನ್ನು ಕಿವಿಗೊಟ್ಟು ಕೇಳಬೇಕು. ಆಮೇಲೆ ಬೇಟೆ. ಮುಗಿದ ಮೇಲೆ ಮತ್ತೆ ಅವರ ಬಳಿಗೆ ಹೋಗಿ ವರದಿ ಒಪ್ಪಿಸಿದರಷ್ಟೇ ಬಹುಮಾನ. ಪ್ರಯೋಗ ಮಾಡಿ ರೆಕಾರ್ಡ್ ಪುಸ್ತಕ ಬರೆಯದವನಿಗೆ ಅಂಕವಿಲ್ಲ ಎಂದು ನಾವು ಹೇಳುವುದಿಲ್ಲವೇ, ಹಾಗೆ.

ಮೊದಲ ಬೇಟೆ ಯಾವುದು ಗೊತ್ತೇ? ಒಂದು ಪುಂಡ ಟೊಮ್ಯಾಟೊ! ಕೈಕಾಲು ಮೂಡಿ ಮರಳುಗಾಡಿನಲ್ಲಿ ಕುಣಿದಾಡುವ ಟೊಮ್ಯಾಟೊ ಹಣ್ಣನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿ ನಾನು ಜೋರಾಗಿ ನಕ್ಕೆ. ಅಡುಗೆಮನೆಯಿಂದ ಅವನಮ್ಮ ಬಂದು ಇಣುಕಿದಳು. ಮುಂದಿನ ಬೇಟೆಗಳು ಅಷ್ಟು ಸಲೀಸಲ್ಲ. ಹೂಬಿಟ್ಟ ಕಳ್ಳಿಯೊಂದನ್ನು ಮಣಿಸಿದರೆ ಅದರ ಹೂವನ್ನು ಬೇಟೆ ಒಪ್ಪಿಸಿದವನ ಹೆಂಡತಿಗೆ ತಲುಪಿಸಬೇಕು. ಗೀಜಾ ಎಂಬ ಬಯಲಿನಲ್ಲಿ ಬೇಸಿಗೆ ಮತ್ತು ಮಳೆಗಾಲಗಳೆರಡೂ ಇವೆ. ಮಳೆ ಬಂದಾಗ ಅಲ್ಲಿನ ಅಲೆಮಾರಿಗಳು ಗುಳೆ ಹೋಗುತ್ತಾರೆ, ದಾರಿಗಳು ಬದಲಾಗುತ್ತವೆ. ಗಿಲ್ ಸ್ನ್ಯಾಪರ್ ಎಂಬ ಆಮೆಯಂಥ ದೈತ್ಯ ಕಾಣಿಸುವುದು ಆ ಮಳೆಯಲ್ಲಿ ಮಾತ್ರ. ರಿಂಗ್ ವಿರ್ಮ್ ಎಂಬ ಡ್ರ್ಯಾಗನ್ ಬೇಕಾದರೆ ಮರಳಿನ ಬಿರುಗಾಳಿ ಏಳುವವರೆಗೆ ಕಾಯಬೇಕು. ಯಾವ ಜೀವಿ ಯಾವ ಋತುವಿನಲ್ಲಿ, ಯಾವ ನೆಲೆಯಲ್ಲಿ ಎಂಬುದನ್ನು ಗಮನಿಸುವುದೇ ಅಲ್ಲವೇ ಜೀವವಿಜ್ಞಾನದ ಮೊದಲ ಪಾಠ?

ಇದಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ‘ಗ್ಯಾಂಬಿಟ್’ ಎಂಬ ಏರ್ಪಾಟು. ಜೊತೆಗಾರರು ಹೋರಾಟದಲ್ಲಿ ಏನು ಮಾಡಬೇಕೆಂದು ಮೊದಲೇ ಪಟ್ಟಿ ಬರೆದಿಡಬೇಕು. ಒಂದೊಂದು ಸಾಲಿನಲ್ಲೂ ಒಂದು ಸಂದರ್ಭ, ಒಂದು ಕ್ರಿಯೆ. ‘ಗೆಳೆಯನ ಶಕ್ತಿ ಅರ್ಧಕ್ಕಿಂತ ಕಡಿಮೆಯಾದರೆ ಚಿಕಿತ್ಸೆ ಮಾಡು.’ ‘ಹತ್ತಿರದ ಶತ್ರುವನ್ನು ಹೊಡೆ.’ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದುವ ಸಾಲಿನಂತೆ ಪಾತ್ರ ನಡೆಯುತ್ತದೆ. ಹೊಡೆಯುವ ಸಾಲನ್ನು ಮೇಲಿಟ್ಟು ಚಿಕಿತ್ಸೆಯನ್ನು ಕೆಳಗಿಟ್ಟರೆ, ಗೆಳೆಯ ಪಕ್ಕದಲ್ಲೇ ಸಾಯುತ್ತಿದ್ದರೂ ಇವನು ಕತ್ತಿ ಬೀಸುತ್ತಲೇ ಇರುತ್ತಾನೆ. ಸಾಲುಗಳು ಅವೇ, ಕ್ರಮ ಬದಲಾದರೆ ಫಲ ಬೇರೆ. ಮಗ ಒಂದೊಂದು ಬಾರಿ ಸೋತಾಗಲೂ ಪಟ್ಟಿಯಲ್ಲಿ ಒಂದೇ ಒಂದು ಸಾಲು ಬದಲಿಸಿ ಮತ್ತೆ ಹೋಗುತ್ತಿದ್ದ.

‘ಎರಡು ಮೂರು ಸಾಲು ಒಟ್ಟಿಗೆ ಯಾಕೆ ಬದಲಿಸಬಾರದು?’ ಎಂದು ಬೇಕೆಂದೇ ಕೆಣಕಿದೆ.

‘ಆಗ ಯಾವುದರಿಂದ ಗೆದ್ದೆ ಅಂತ ಹೇಗೆ ಗೊತ್ತಾಗುತ್ತೆ ಅಪ್ಪಾ?’ ಎಂದ.

ಒಂದು ಚರಾಂಶವನ್ನು ಬದಲಿಸು, ಉಳಿದವನ್ನು ಸ್ಥಿರವಾಗಿಡು ಎಂದು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುವ ಮಾತೇ ಇದು. ದಡ್ಡ ಎಂದು ನಾಲ್ಕು ಜನ ಆಡಿಕೊಂಡ ಹುಡುಗ ಅದನ್ನು ತಾನಾಗಿ ಕಂಡುಕೊಂಡಿದ್ದ.

ಈ ಆಟದ ಶಿಖರಪ್ರಾಯವಾದ ಬೇಟೆ ಯಾಜ್ಮ್ಯಾಟ್ ಎಂಬ ಡ್ರ್ಯಾಗನ್. ಅದರ ಪ್ರಾಣಬಲ 5 ಕೋಟಿಗೂ ಮೇಲು. ಮೂಲ ಆಟದಲ್ಲಿ ಒಂದು ಏಟಿಗೆ ಹೆಚ್ಚೆಂದರೆ 9,999. ವಿದ್ಯಾರ್ಥಿಗಳೇ, ಭಾಗಿಸಿ ನೋಡಿ: ಒಂದೂ ತಪ್ಪದೆ ಪೂರ್ಣಬಲದಿಂದ ಹೊಡೆದರೂ 5,000ಕ್ಕೂ ಮೇಲೆ ಏಟುಗಳು ಬೇಕು. ಅದರದೋ, ಒಂದೇ ಏಟಿಗೆ ಪ್ರಾಣ ತೆಗೆಯುವ ವರಸೆ. ಹೀಗಾಗಿ ಈ ಹೋರಾಟ ಗಂಟೆಗಟ್ಟಲೆ ನಡೆಯುತ್ತದೆ. ಆದರೆ ಆಟ ಕಟ್ಟಿದವರು ಒಂದು ದಯೆ ತೋರಿಸಿದ್ದಾರೆ. ನಡುವೆ ಹೊರಗೆ ಬಂದು ಸುಧಾರಿಸಿಕೊಂಡು, ಆಟವನ್ನು ಉಳಿಸಿಟ್ಟು, ಮರುದಿನ ಮುಂದುವರಿಸಬಹುದು. ನಮ್ಮ ಮನೆಯಲ್ಲಿ ದಿನಕ್ಕೆ ಒಂದೇ ಗಂಟೆ ಎಂಬುದು ಅವನಮ್ಮನ ಕಟ್ಟಪ್ಪಣೆಯಾಗಿದ್ದರಿಂದ ಯಾಜ್ಮ್ಯಾಟಿನ ವಧೆಗೆ ಒಂದು ವಾರ ಹಿಡಿಯಿತು. ಅದೇ ವಾರ ಮೇಜಿನ ಮೇಲೆ ಭೌತಶಾಸ್ತ್ರದ ಪುಸ್ತಕವೂ ತೆರೆಯಿತು. ‘ಇಡೀ ಪುಸ್ತಕವೂ ಐದು ಕೋಟಿ ಪ್ರಾಣದ್ದೇ ಕಣೋ, ದಿನಕ್ಕಿಷ್ಟು ಏಟು’ ಎಂದೆ. ನಕ್ಕ. ಪೂರಕ ಪರೀಕ್ಷೆಯಲ್ಲಿ ಪಾಸಾದ. ಆಟದಿಂದಲೇ ಪಾಸಾದ ಎಂದು ಹೇಳಿದರೆ ಅದು ವಿಜ್ಞಾನವಾಗುವುದಿಲ್ಲ. ನಾವಿಬ್ಬರೂ ಮತ್ತೆ ಮಾತಾಡತೊಡಗಿದೆವು ಎಂಬುದಕ್ಕೆ ಮಾತ್ರ ನಾನೇ ಸಾಕ್ಷಿ.

ಸರಣಿಯ ಬೇರೆ ಬೇಟೆಗಳೂ ಕಡಿಮೆಯವಲ್ಲ. 1997ರ ಏಳನೆಯ ಆಟದಲ್ಲಿ ಎಮರಾಲ್ಡ್ ವೆಪನ್ ಎಂಬ ದೈತ್ಯ ಸಮುದ್ರದ ತಳದಲ್ಲಿದೆ. ನೀರಿನಡಿ ಕಾದಾಡಲು ಸಿಗುವುದು 20 ನಿಮಿಷ. ನೀರಿನಲ್ಲಿ ಉಳಿಯುವ ಒಂದು ವಿಶೇಷ ವಸ್ತುವನ್ನು ಸಂಪಾದಿಸಿಕೊಂಡವನಿಗೆ ಮಾತ್ರ ಆ ಗಡುವಿಲ್ಲ. 2016ರ ಹದಿನೈದನೆಯ ಆಟದಲ್ಲಿ ದೂರದಿಂದ ಗುಡ್ಡವೆಂದು ಕಾಣುತ್ತಿದ್ದುದೇ ಒಂದು ದಿನ ಎದ್ದು ನಿಲ್ಲುತ್ತದೆ, ಅದೊಂದು ಆಮೆ! ಮಂದರ ಪರ್ವತವನ್ನು ಹೊತ್ತ ಕೂರ್ಮನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸತೇನಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2000ದ ಒಂಬತ್ತನೆಯ ಆಟದ ಬೇಟೆ ಹಬ್ಬ. ಲಿಂಡ್ಬ್ಲಮ್ ಎಂಬ ನಗರದ ಬೀದಿಗಳಲ್ಲಿ ಪ್ರಾಣಿಗಳನ್ನು ಬಿಡುತ್ತಾರೆ. 12 ನಿಮಿಷಗಳಲ್ಲಿ ಯಾರಿಗೆ ಹೆಚ್ಚು ಅಂಕವೋ ಅವರಿಗೆ ಬಹುಮಾನ. ಸ್ಪರ್ಧೆಯಲ್ಲಿ ನಾಯಕನ ಜೊತೆ ಅವನ ಇಬ್ಬರು ಗೆಳೆಯರೂ ಇದ್ದಾರೆ. ಯಾರು ಗೆದ್ದರೋ ಅವರು ಬಯಸಿದ ವಸ್ತು ಸಿಗುತ್ತದೆ. ನಾಯಕನಿಗೆ ಹಣ, ಪುಟ್ಟ ವಿವಿಗೆ ಆಟದ ಕಾರ್ಡು, ಫ್ರೇಯಾ ಎಂಬವಳಿಗೆ ಒಂದು ಉಂಗುರ. ಆ ಉಂಗುರ ಬೇಕೆನ್ನುವವರು ತಾವು ಹಿಂದೆ ಸರಿದು ಫ್ರೇಯಾಳನ್ನು ಗೆಲ್ಲಿಸಬೇಕು! ಮೊದಲ ರ್‍ಯಾಂಕಿನ ಹಿಂದೆ ಓಡುವ ನಮಗೆ ಇದು ಚೋದ್ಯವಾಗಿ ತೋರಬಹುದು.

ಆಟಕ್ಕೊಂದು ಮಿತಿ ಇರಲೇಬೇಕು. ಕಣ್ಣು, ನಿದ್ದೆ, ಓದು ಇವುಗಳ ಪಾಲನ್ನು ಅದು ಕಬಳಿಸಬಾರದು. ಇದರಲ್ಲಿ ಎರಡು ಮಾತಿಲ್ಲ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಮಿತಿ ಹಾಕುವ ಮೊದಲು ಒಂದು ಸಂಜೆ ಮಗುವಿನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ‘ಇದು ಯಾವ ಪ್ರಾಣಿ? ಇದನ್ನು ಹಿಡಿಯುವುದು ಹೇಗೆ?’ ಎಂದು ಕೇಳಿ. ಹೇಳಲು ಮಕ್ಕಳ ಬಳಿ ಬೇಕಾದಷ್ಟಿದೆ. ಚೀಟಿ ಹಚ್ಚಿದವರ ಕಷ್ಟ ಕೇಳಿಯೇ ಬೇಟೆಗೆ ಹೊರಡಬೇಕೆಂಬ ಆ ಆಟದ ನಿಯಮ ಮನೆಗೂ ಒಪ್ಪುತ್ತದೆ.