ಮನೆಯ ನೀರಿಗೆ ಒಗ್ಗುವ ಮೀನು

ಮನೆಯ ಚಾವಡಿಯಲ್ಲಿ ಮೊದಲ ಬಾರಿಗೆ ಅಕ್ವೇರಿಯಂ ಇಡಹೊರಟವರು ಸಾಮಾನ್ಯವಾಗಿ ಮೀನಿನ ಬಣ್ಣವನ್ನು ಮೊದಲು ನೋಡುತ್ತಾರೆ, ಗಾಜಿನ ತೊಟ್ಟಿಯನ್ನು ಆಮೇಲೆ, ನೀರನ್ನು ಕಟ್ಟಕಡೆಗೆ. ಮೀನು ಸಾಕುವ ರುಚಿ ಹತ್ತಿದವರಲ್ಲಾದರೋ ಈ ಕ್ರಮ ತಲೆಕೆಳಗಾಗಿರುತ್ತದೆ. ಸಾಕಲು ಸುಲಭವೆಂದು ಅಂಗಡಿಯವರು ಹೊಗಳುವ ಮೀನಿನ ಸುಲಭತನವೆಲ್ಲ ಅದರ ಮೈಗೂ ಮನೆಯ ನೀರಿಗೂ ಇರುವ ಹೊಂದಾಣಿಕೆಯನ್ನೇ ಅವಲಂಬಿಸಿದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳು ಒಂದೇ ಜಿಲ್ಲೆಯ ನೆರೆಯೂರುಗಳಾದರೂ ಅವುಗಳ ನೀರು ಒಂದೇ ಬಗೆಯದಲ್ಲವಾದ್ದರಿಂದ, ಇಲ್ಲಿ ಮೀನನ್ನು ಆಯುವ ವಿನೋದದಲ್ಲಿ ತನ್ನ ನೀರನ್ನು ತಾನು ಅರಿಯುವ ಸುಖವೂ ಸೇರಿಕೊಂಡಿದೆ.

ಕಾರ್ಕಳದ ಕಡೆಯ ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿಗಳ ನೀರು ಬಹುಮಟ್ಟಿಗೆ ಮೆದು ನೀರು, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕಡಿಮೆಯಿದ್ದು ಸಾಬೂನು ಬೇಗ ನೊರೆಯೇಳುವ ನೀರು. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ ಅದು ಅನೇಕ ಕಡೆ 7ಕ್ಕಿಂತ ಕೆಳಗೇ ನಿಲ್ಲುತ್ತದೆ. ಇಂಥ ನೀರಿನಲ್ಲಿ ಚೆರ್ರಿ ಬಾರ್ಬ್, ರಾಸ್ಬೋರಾದಂಥ ಚಿಕ್ಕ ಮೀನುಗಳು ಮೈಬಣ್ಣ ತುಂಬಿಕೊಂಡು ಬೆಳೆಯುತ್ತವೆ. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ವರ್ಣಿಸಿದ, ಈಗ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಈಜಾಡುತ್ತಿರುವ ಜೀಬ್ರಾ ಡ್ಯಾನಿಯೋ ಇನ್ನೂ ಗಟ್ಟಿ ಜೀವ. ನೀರು ಮೆದುವಾದರೂ ಗಡುಸಾದರೂ ಅದು ಹೊಂದಿಕೊಳ್ಳುತ್ತದೆ. ಇವೆಲ್ಲ ಗುಂಪಿನಲ್ಲಿ ಬಾಳುವ ಜಾತಿಗಳಾದ್ದರಿಂದ ಕನಿಷ್ಠ ಆರನ್ನಾದರೂ ಒಟ್ಟಿಗೆ ಬಿಡಬೇಕು, ಇಲ್ಲವಾದರೆ ಅವು ಮೂಲೆ ಹಿಡಿದು ಸೊರಗುತ್ತವೆ.

ಕಡಲು ಹತ್ತಿರವಿರುವ ಕಾಪುವಿನಲ್ಲಿ, ಬೇಸಿಗೆಯ ಕೊನೆಗೆ ಬಾವಿಯ ನೀರು ಉಪ್ಪಾಗುವ ಮನೆಗಳಿಗೆ, ಮೋಲಿಯೇ ತಕ್ಕ ಮೀನು. ಮಧ್ಯ ಅಮೆರಿಕದ ಕಡೆಯ ಅಳಿವೆಗಳಲ್ಲಿಯೂ ಬಾಳುವ ಈ ಜಾತಿಗೆ ತುಸು ಉಪ್ಪಿನಂಶ ಬಾಧಕವಲ್ಲ. ಅದರ ಬಳಗಕ್ಕೆ ಸೇರಿದ ಗಪ್ಪಿಯೂ ಲವಣವುಳ್ಳ ಗಡುಸು ನೀರನ್ನೇ ಮೆಚ್ಚುತ್ತದೆ. ಇವು ಮೊಟ್ಟೆಯಿಡದೆ ನೇರವಾಗಿ ಮರಿಹಾಕುವ ಮೀನುಗಳು. ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಹೆರುವುದರಿಂದ, ತೊಟ್ಟಿ ಕಿಕ್ಕಿರಿಯುವುದು ಬೇಡವೆನ್ನುವವರು ಗಂಡುಗಳನ್ನಷ್ಟೇ ಕೊಳ್ಳುವುದು ಜಾಣತನ.

ಉಡುಪಿ, ಮಣಿಪಾಲಗಳ ನಲ್ಲಿಗೆ ಬರುವುದು ಬಜೆ ಅಣೆಕಟ್ಟಿನಲ್ಲಿ ತಡೆದ ಸ್ವರ್ಣಾ ನದಿಯ ನೀರು. ಅದನ್ನು ಶುದ್ಧೀಕರಿಸಲು ಬೆರೆಸುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುವುದರಿಂದ, ನೀರನ್ನು ಬಾಯಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ಇಲ್ಲವೇ ಕ್ಲೋರಿನ್ ತೆಗೆಯುವ ಹನಿಗಳನ್ನು ಹಾಕಿ ಬಳಸಬೇಕು. ಬಜೆಯ ಮಟ್ಟ ಇಳಿದು ನೀರು ಸರದಿಯ ಮೇಲೆ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಪ್ರತಿ ವಾರ ಕಾಲುಭಾಗ ನೀರು ಬದಲಿಸುವುದೂ ಕಷ್ಟವಾಗುವುದರಿಂದ, ಇಲ್ಲಿ ತೊಟ್ಟಿ ದೊಡ್ಡದಿದ್ದು ಮೀನು ಕಡಿಮೆಯಿರುವುದೇ ಲೇಸು.

ಮಣಿಪಾಲದ ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗೂ, ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಹಳ್ಳಿಮನೆಗೂ ಸಮನಾಗಿ ಒಪ್ಪುವುದು ಫೈಟರ್ ಮೀನು. ತಲೆಯೊಳಗಿನ ಮಡಿಕೆ ಮಡಿಕೆಯಾದ ಒಂದು ಅಂಗದ ಮೂಲಕ ಅದು ಹೊರಗಿನ ಗಾಳಿಯನ್ನೇ ಉಸಿರಾಡಬಲ್ಲುದಾಗಿ, ಏರ್ ಪಂಪು ನಿಂತರೂ ಕಂಗೆಡುವುದಿಲ್ಲ. ಹುರುಪಿನಲ್ಲಿರುವ ಗಂಡು ಫೈಟರು ನೀರಿನ ಮೇಲ್ಮೈಗೆ ಬಂದು ಗಾಳಿಯನ್ನು ಗುಟುಕರಿಸಿ, ಬಾಯಿಯ ಲೋಳೆಯಲ್ಲಿ ಅದನ್ನು ಸುತ್ತಿ, ಸಾಸಿವೆ ಗಾತ್ರದ ಗುಳ್ಳೆಗಳನ್ನು ಒಂದೊಂದಾಗಿ ಎಲೆಯ ಅಡಿಗೆ ಸೇರಿಸಿ ಗೂಡು ಕಟ್ಟುತ್ತದೆ. ಒಡೆದ ಗುಳ್ಳೆಯ ಜಾಗಕ್ಕೆ ಮತ್ತೊಂದನ್ನು ತಂದಿಡುವ ಅದರ ತಾಳ್ಮೆಯನ್ನು ನೋಡುತ್ತ ಕೂತವರಿಗೆ ಹೊತ್ತು ಹೋದದ್ದೇ ತಿಳಿಯದು. ಎರಡು ಗಂಡುಗಳನ್ನು ಒಟ್ಟಿಗೆ ಬಿಡಬಾರದು, ಇದೊಂದೇ ಅದರ ಕಟ್ಟುನಿಟ್ಟು. ಕರಾವಳಿಯ ಸೆಕೆಯಲ್ಲಿ ಇದಕ್ಕಾಗಲಿ ಮೇಲೆ ಹೇಳಿದ ಇತರ ಮೀನುಗಳಿಗಾಗಲಿ ನೀರು ಕಾಯಿಸುವ ಹೀಟರು ಬೇಕಾಗುವುದಿಲ್ಲ. ಎಲ್ಲರೂ ಮೊದಲು ಬಯಸುವ ಗೋಲ್ಡ್ ಫಿಶ್ ಮಾತ್ರ ತಂಪು ನೀರಿನ, ಬಹಳ ಹೊಲಸು ಮಾಡುವ, ಗೇಣುದ್ದ ಬೆಳೆಯುವ ಮೀನು. ಗಾಜಿನ ಬೋಗುಣಿ ಅದಕ್ಕೆ ಸಾಲದು.

ಯಾವ ಮೀನನ್ನು ಆರಿಸಿದರೂ ಕಾಯುವ ಕಾಲವೊಂದಿದೆ. ಮೀನಿನ ಕಿವಿರಿನಿಂದಲೂ ಮಲದಿಂದಲೂ ಬರುವ ಅಮೋನಿಯ ವಿಷವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟಾಗಿಯೂ, ವಿಷವೇ ಆದ ಆ ನೈಟ್ರೈಟನ್ನು ಮತ್ತೊಂದು ಬಗೆಯವು ಅಷ್ಟಾಗಿ ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಜೀವಾಣುಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ ತೊಟ್ಟಿಯ ಸ್ಪಂಜಿನ ತುಣುಕೊಂದನ್ನು ಹಾಲಿಗೆ ಹೆಪ್ಪು ಹಾಕುವಂತೆ ಹೊಸದರಲ್ಲಿಟ್ಟರೆ ಈ ಅವಧಿ ತಗ್ಗುತ್ತದೆ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಹದಗೊಂಡಿದೆ ಎಂದು ಬಗೆದು ಮೊದಲ ದಿನವೇ ಹತ್ತಾರು ಮೀನು ಬಿಡುವ ಮನೆಗಳಲ್ಲಿ ಸಾವು ಕಾಣಿಸಿಕೊಳ್ಳುವುದು ಇದೇ ಕಾರಣದಿಂದ.

ಊರಿನ ಗದ್ದೆಯ ತೋಡುಗಳಲ್ಲಿಯೇ, ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತು ನೀರಿನ ಮೇಲ್ಪದರದಲ್ಲಿ ಹೊಂಚುತ್ತ ಸೊಳ್ಳೆಮರಿಗಳನ್ನು ಹಿಡಿಯುವ ಪುಟ್ಟ ಮೀನೊಂದಿದೆ. ಶಾಸ್ತ್ರಜ್ಞರು ಅದನ್ನು ಅಪ್ಲೋಕೈಲಸ್ ಲಿನಿಯೇಟಸ್ ಎನ್ನುತ್ತಾರೆ. ಹಾರುವ ಸ್ವಭಾವದ ಅದಕ್ಕೆ ಮುಚ್ಚಳವಿರುವ ತೊಟ್ಟಿ ಸಾಕು. ಆದರೆ ಪಶ್ಚಿಮಘಟ್ಟದ ತೊರೆಗಳದೇ ಆದ, 1865ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ, ಮಿಸ್ ಕೇರಳ ಎಂದು ಹೆಸರಾದ ಕೆಂಪುಗೆರೆಯ ಮೀನು ಅಳಿವಿನ ಅಂಚಿಗೆ ಬಂದಿರುವುದರಿಂದ, ಮೊದಲ ತೊಟ್ಟಿಗೆ ಅದನ್ನು ಬಯಸದಿರುವುದೇ ಒಳಿತು. ಸಾಕಿ ಸಾಕಾಯಿತೆಂದು ಗಪ್ಪಿಯನ್ನಾಗಲಿ ಗಾಜಿಗೆ ಅಂಟಿಕೊಳ್ಳುವ ಸಕ್ಕರ್ ಮೀನನ್ನಾಗಲಿ ಮಣಿಪಾಲದ ಮಣ್ಣಪಳ್ಳಕ್ಕೋ ಕಾರ್ಕಳದ ರಾಮಸಮುದ್ರಕ್ಕೋ ಬಿಡುವುದು ಅಲ್ಲಿನ ಮೀನುಗಳಿಗೆ ಕುತ್ತು. ಕೊಂಡ ಅಂಗಡಿಗೆ ಮರಳಿಸುವುದು ಸರಿಯಾದ ದಾರಿ.

ಎರಡಡಿ ಉದ್ದದ ತೊಟ್ಟಿ, ಆರು ಡ್ಯಾನಿಯೋ ಅಥವಾ ನಾಲ್ಕು ಮೋಲಿ, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ: ಇಷ್ಟರಲ್ಲಿ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ದಾಟಿದವರು ತಮ್ಮ ನೀರಿನ ಏರಿಳಿತವನ್ನು ಮೀನಿನ ನಡೆಯಲ್ಲೇ ಓದಬಲ್ಲವರಾಗುತ್ತಾರೆ; ಎರಡನೆಯ ತೊಟ್ಟಿಗೆ ಮೀನು ಆಯುವಾಗ ಅವರಿಗೆ ಅಂಗಡಿಯವರ ಶಿಫಾರಸು ಬೇಕಾಗುವುದಿಲ್ಲ.