ದೀಪದ ಬಳೆ

ಮದುವೆಯ ಮನೆಯಲ್ಲಿ ವರನಿಗೆ ಬಾಸಿಂಗ ಎಷ್ಟು ಮುಖ್ಯವೋ ಫೋಟೋ ತೆಗೆಯುವವನಿಗೆ ಸಾಫ್ಟ್‌ಬಾಕ್ಸ್ ಅಷ್ಟೇ ಮುಖ್ಯವೆಂದರೆ ವಾಚಕರು ನಕ್ಕಾರು. ಕರಿಯ ಬಟ್ಟೆಯ ಆ ದೊಡ್ಡ ಪೆಟ್ಟಿಗೆಯನ್ನು ತಾವೆಲ್ಲರೂ ಕಂಡಿದ್ದೀರಿ. ಊಟದ ಪಂಕ್ತಿಗೆ ಓಡುವ ಅವಸರದಲ್ಲಿ ಅದರ ಸ್ಟ್ಯಾಂಡನ್ನು ಎಡವಿಯೂ ಇರಬಹುದು. ಅದರ ಒಳಗೆ ಬೆಳ್ಳಿಬಣ್ಣದ ಅಸ್ತರ, ಮುಂದೆ ಬಿಳಿಯ ಅರಿವೆ. ಹಿಂದಿನಿಂದ ಫ್ಲ್ಯಾಷ್ ದೀಪ ಮಿಂಚಿತೆಂದರೆ ಆ ಮಿಂಚು ಅರಿವೆಯ ತುಂಬ ಹರಡಿ ಮೆತ್ತಗಾಗಿ ಹೊರಬೀಳುತ್ತದೆ. ಪೆಟ್ಟಿಗೆಯಿಲ್ಲದೆ ಬರಿಯ ದೀಪವನ್ನೇ ಬಿಟ್ಟರೆ ಮೂಗಿನ ನೆರಳು ತುಟಿಯ ಮೇಲೆ ಮಸಿ ಬಳಿದಂತೆ ಬೀಳುವುದು. ಹಣೆಯ ಬೆವರು ಗಾಜಿನಂತೆ ಹೊಳೆಯುವುದು. ನಮ್ಮ ಕಡೆ ಮುಖವನ್ನು ಬೆಳ್ಳಗೆ ಮಾಡಿಕೊಡಿರೆಂದು ಕೇಳುವವರೇ ಹೆಚ್ಚು. ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿದ ಮುಖ ಸುಣ್ಣ ಹೊಡೆದ ಗೋಡೆಯಂತಿರುತ್ತದೆ. ಮೆತ್ತನೆಯ ಬೆಳಕಿನಲ್ಲಿ ಕಪ್ಪು ಮುಖವು ಕಪ್ಪಾಗಿಯೇ ಚೆಲುವಾಗಿ ಕಾಣುವುದೆಂದು ನನ್ನ ಮತ.

ಈ ವಿಷಯದಲ್ಲಿ ಬಾಯಿ ಹಾಕಲು ನನಗೇನು ಅಧಿಕಾರವೆಂದು ಕೇಳಬಹುದು. ಮೂರು ವರ್ಷಗಳಿಂದ ಓದಿನ ಜೊತೆಗೆ ಫೋಟೋ ಸ್ಟುಡಿಯೋಗಳಲ್ಲಿ ದುಡಿಯುತ್ತಿದ್ದೇನೆ. ತಂದೆಯವರು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಾರೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಫೀಸು, ಬಸ್ಸಿನ ಪಾಸು, ತಂಗಿಯ ಪಿ.ಯು.ಸಿ. ಪುಸ್ತಕ ಇವೆಲ್ಲ ಲಗ್ನದ ಹಂಗಾಮಿನ ದುಡಿಮೆಯಿಂದಲೇ ಹೊರಡಬೇಕು. ಸಿಂಧನೂರು, ಮಸ್ಕಿ, ಲಿಂಗಸೂಗೂರು ಒಂದೇ ದಾರಿಯ ಮೇಲಿನ ಊರುಗಳು. ದೊಡ್ಡ ಮುಹೂರ್ತದ ದಿನ ಈ ಮೂರೂ ಊರಿನ ಸ್ಟುಡಿಯೋದವರು ಒಬ್ಬರಿಗೊಬ್ಬರು ದೀಪ ಕಡ ಕೊಡುತ್ತಾರೆ, ಸ್ಟ್ಯಾಂಡು ಕಡ ಕೊಡುತ್ತಾರೆ, ನನ್ನನ್ನೂ ಕಡ ಕೊಡುತ್ತಾರೆ. ತೊಡಕು ಹುಟ್ಟುವುದು ಇಲ್ಲಿಯೇ. ಒಂದೂರಿನ ದೀಪದ ಕೊರಳಿಗೆ ಇನ್ನೊಂದೂರಿನ ಪೆಟ್ಟಿಗೆಯ ಬಾಯಿ ಕೂಡುವುದಿಲ್ಲ.

ಇಂಗ್ಲೆಂಡಿನಲ್ಲಿ 1923ರಲ್ಲಿ ಆರಂಭವಾದ ಬೋವೆನ್ಸ್ ಎಂಬ ಕಂಪನಿಯವರು ದೀಪದ ಬಾಯಿಗೆ ಮೂರು ಹಲ್ಲಿನ ಕಚ್ಚು ಮಾಡಿದರು. ಪೆಟ್ಟಿಗೆಯ ಬಳೆಯನ್ನು ಅದರಲ್ಲಿಟ್ಟು ತಿರುವಿದರೆ ಸ್ಪ್ರಿಂಗಿನ ಕಡ್ಡಿಯೊಂದು ಟಕ್ಕೆಂದು ಬಿದ್ದು ಬಿಗಿಯುತ್ತದೆ. 2017ರಲ್ಲಿ ಆ ಕಂಪನಿ ಮುಚ್ಚಿಹೋಯಿತು. ಹಲ್ಲು ಮಾತ್ರ ಉಳಿಯಿತು. ಚೀನದ ಗೋಡಾಕ್ಸ್ ಮೊದಲಾದವರು ಇಂದಿಗೂ ಅದೇ ಕಚ್ಚನ್ನು ಬಳಸುತ್ತಾರೆ. ನಿಜಾಮರ ಆಡಳಿತ 1948ರಲ್ಲಿ ಮುಗಿದರೂ ನಮ್ಮ ಕಚೇರಿಗಳಲ್ಲಿ ಗಿರ್ದಾವರ, ತಹಸೀಲು ಎಂಬ ಮಾತುಗಳು ಉಳಿದಿಲ್ಲವೆ, ಹಾಗೆ. ಸ್ವಿಟ್ಜರ್ಲೆಂಡಿನ ಎಲಿಂಕ್ರೋಮ್‌ನವರ ಹಲ್ಲಿನ ಅಳತೆಯೇ ಬೇರೆ. ಸ್ವೀಡನ್ನಿನ ಪ್ರೋಫೋಟೋದವರು ಹಲ್ಲಿನ ಗೊಡವೆಗೇ ಹೋಗದೆ, ಸುಮಾರು 100 ಮಿಲ್ಲಿಮೀಟರು ಅಗಲದ ಕೊರಳಿನ ಸುತ್ತ ಪಟ್ಟಿ ಬಿಗಿಯುವ ಏರ್ಪಾಡು ಮಾಡಿದ್ದಾರೆ. ತನ್ನ ದೀಪ ಕೊಂಡವನು ಪೆಟ್ಟಿಗೆಯನ್ನೂ ತನ್ನಲ್ಲಿಯೇ ಕೊಳ್ಳಲೆಂಬುದು ಪ್ರತಿಯೊಬ್ಬ ವ್ಯಾಪಾರಿಯ ಆಸೆಯಷ್ಟೆ.

ಮಸ್ಕಿಯ ನಮ್ಮ ಯಜಮಾನರ ಹತ್ತಿರ ಇದ್ದುದು ಹೈದರಾಬಾದಿನಿಂದ ತಂದ, ಯಾರೋ ಬಳಸಿ ಬಿಟ್ಟ ಎಲಿಂಕ್ರೋಮ್ ದೀಪ. ಮೊಬೈಲ್ ಬಂದ ಮೇಲೆ ಪಾಸ್‌ಪೋರ್ಟ್ ಸೈಜಿನ ಗಿರಾಕಿಗಳೂ ಕಡಿಮೆಯಾಗಿ, ಮೊಬೈಲಿನಲ್ಲಿ ಬಾರದ ಬೆಳಕನ್ನಾದರೂ ಕೊಡೋಣವೆಂದು ಅವರು ಸಾಲ ಮಾಡಿ ನಾಲ್ಕು ಅಡಿ ಅಗಲದ ಎಂಟು ಮೂಲೆಯ ಪೆಟ್ಟಿಗೆ ತರಿಸಿದರು. ಅದು ಬೋವೆನ್ಸ್ ಹಲ್ಲಿನದು. ಮಾರಿದವರು ತಿರುಗಿ ತೆಗೆದುಕೊಳ್ಳಲೊಲ್ಲರು. "ದೀಪಾ ಮಾರಿ ಬಾಕ್ಲಾ ಹಾಕಿಬಿಡ್ತೀನಪಾ" ಎಂದು ಯಜಮಾನರು ಅಂದಾಗ ನನ್ನ ಎದೆ ಧಸಕ್ಕೆಂದಿತು. ಆ ಬಾಗಿಲು ಮುಚ್ಚಿದರೆ ವಾರಕ್ಕೆರಡು ದಿನದ ನನ್ನ ಪಗಾರವೂ ಹೋದಂತೆಯೇ. ಪರೀಕ್ಷೆಯ ಫೀಸು ಕಟ್ಟಲು ಇಪ್ಪತ್ತು ದಿನ ಉಳಿದಿದ್ದವು.

ಇಂತಹ ಪೇಚಿಗೆಂದೇ ಸಿದ್ಧವಾದ ಅಡಾಪ್ಟರುಗಳು ಮಾರಾಟಕ್ಕುಂಟು. ಆದರೆ ದೀಪಕ್ಕೂ ಪೆಟ್ಟಿಗೆಗೂ ನಡುವೆ ಇನ್ನೊಂದು ಬಳೆ ಸೇರಿತೆಂದರೆ ಪೆಟ್ಟಿಗೆ ಅಷ್ಟು ಮುಂದಕ್ಕೆ ಸರಿದು, ಮಿಂಚುವ ಗಾಜಿನ ಕೊಳವೆ ಬಾವಿಯೊಳಗಿನ ದೀಪದಂತೆ ಹಿಂದುಳಿಯುತ್ತದೆ. ಆಗ ಅರಿವೆಯ ನಡುವೆ ಬಿಸಿಲು, ಮೂಲೆಗಳಲ್ಲಿ ಅಮಾವಾಸ್ಯೆ. ನಾನು ಪೆಟ್ಟಿಗೆಯ ಹಿಂಭಾಗವನ್ನು ಸೋಸಿ ನೋಡಿದೆ. ಅಲ್ಲಿ ಎರಡು ಬಳೆಗಳಿವೆ: ಹೊರಬಳೆಗೆ ಕಡ್ಡಿಗಳು ಸಿಕ್ಕುತ್ತವೆ, ಒಳಬಳೆಗೆ ಹಲ್ಲುಗಳಿವೆ. ಎರಡನ್ನೂ ಹಿಡಿದಿರುವುದು ನಾಲ್ಕೇ ನಾಲ್ಕು ತಿರುಪು. ಆದುದರಿಂದ ಹೊಸ ಬಳೆಯನ್ನು ನಡುವೆ ಸೇರಿಸುವ ಬದಲು ಒಳಬಳೆಯನ್ನೇ ಬದಲಿಸಿದರೆ ಆಯಿತು. ಎಲಿಂಕ್ರೋಮ್ ಹಲ್ಲನ್ನು ಎಲ್ಲಿಂದ ತರುವುದು? ಆ ದೀಪದ ಸಂಗಡ ನೆಗ್ಗಿಹೋದ ತಗಡಿನ ಬುಟ್ಟಿಯೊಂದು ಬಂದಿತ್ತು. ಬೆಳಕನ್ನು ಮುಂದಕ್ಕೆ ತಳ್ಳುವ ಆ ಬುಟ್ಟಿಯ ಹಿಂದೆ ದೀಪಕ್ಕೆ ಸರಿಯಾಗಿ ಕೂಡುವ ಕೊರಳು ಇದ್ದೇ ಇತ್ತು.

ಸಿಂಧನೂರಿನ ಲೇತ್ ಚಾಚಾ ಅವರ ಅಂಗಡಿಗೆ ಅದನ್ನು ಒಯ್ದೆ.

"ಏ ತಮ್ಮಾ, ಟ್ರ್ಯಾಕ್ಟರ್ ಸಾಮಾನು ತರ್ತಾರ, ಗಿರಣಿ ಪುಲ್ಲಿ ತರ್ತಾರ. ನೀ ಏನು ಬುಟ್ಟಿ ತಂದೀಯಲ್ಲ?"

"ದೀಪಕ್ಕ ಬಳಿ ಮಾಡಬೇಕು ಚಾಚಾ."

"ಎಷ್ಟು ಸೂತು?"

"ಸೂತಿನ ಲೆಕ್ಕ ನಡಿಯಂಗಿಲ್ಲ. ಮಿಲ್ಲಿ ಲೆಕ್ಕದಾಗ ಆಗಬೇಕು."

ಚಾಚಾ ಕನ್ನಡಕ ಏರಿಸಿ ನನ್ನನ್ನೇ ಅಳೆದರು. ಬುಟ್ಟಿಯ ಕೊರಳನ್ನು ಕೊಯ್ದು, ಅಲ್ಯುಮಿನಿಯಂ ತಗಡಿನ ಬಳೆ ಕಡೆದು, ಎರಡನ್ನೂ ರಿವೆಟ್ ಹೊಡೆದು ಕೂಡಿಸಿದರು. ಅಂಟು ಬೇಡವೆಂದು ನಾನೇ ಹಟ ಹಿಡಿದೆ. ಫ್ಲ್ಯಾಷಿನ ಪಕ್ಕದಲ್ಲಿ ಸದಾ ಉರಿಯುವ ಬಲ್ಬಿನ ಕಾವಿಗೆ ಅಂಟು ನಿಲ್ಲದು. ದೀಪದ ಒಡಲನ್ನಂತೂ ಮುಟ್ಟಗೊಡಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಕೂತಿರುತ್ತದೆ. ಬುತ್ತಿ ತಿನ್ನಲು ಅಲ್ಲಿಗೆ ಬಂದ ತಂದೆಯವರು ಸ್ವಲ್ಪ ಹೊತ್ತು ನೋಡಿ, "ಬಿ.ಎ.ದಾಗ ಇದನ್ನೂ ಕಲಿಸ್ತಾರೇನು?" ಎಂದು ಕೇಳಿದರು. ಅದು ಮೆಚ್ಚುಗೆಯೋ ಚಿಂತೆಯೋ ನನಗೆ ಇನ್ನೂ ತಿಳಿದಿಲ್ಲ.

ಬಿ.ಎ.ದಲ್ಲಿ ಕಲಿಸುವುದು ಬೇರೆ. ದೇವಾನಾಂಪ್ರಿಯನೆಂಬ ಹೆಸರು ಹಲವು ಶಾಸನಗಳಲ್ಲಿದ್ದರೂ ಅವನು ಯಾರೆಂಬ ಸಂದೇಹ ತೀರಿರಲಿಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಎಂಬವರಿಗೆ ಮಸ್ಕಿಯಲ್ಲಿ ಸಿಕ್ಕ ಬಂಡೆಯ ಮೇಲೆ ಅಶೋಕನೆಂಬ ಹೆಸರೂ ಕೂಡಿ ಬಂದಿತ್ತು. ಎರಡು ಹೆಸರುಗಳನ್ನು ಜೋಡಿಸಿದ ಕಲ್ಲು ಇರುವ ಊರಿನಲ್ಲಿ ಒಂದು ದೀಪಕ್ಕೆ ಪೆಟ್ಟಿಗೆ ಜೋಡಿಸಲಾರೆವೆ ಎಂದು ಯಜಮಾನರಿಗೆ ಹೇಳಿ ಬೈಸಿಕೊಂಡದ್ದುಂಟು.

ರಾತ್ರಿ ಮಸ್ಕಿಯಲ್ಲಿ ಪೆಟ್ಟಿಗೆಯನ್ನು ಹೂಡಿದೆವು. ಕ್ಯಾಮರಾದ ಕಂಡಿಯನ್ನು ಕಿರಿದು ಮಾಡಿ ಬಿಳಿಯ ಅರಿವೆಯದೇ ಚಿತ್ರ ತೆಗೆದರೆ ಬೆಳಕಿನ ಹರಹು ಒಡನೆ ತಿಳಿಯುತ್ತದೆ. ನಡುವೆ ಒಂದಿಷ್ಟು ಹೆಚ್ಚು, ಎಂಟೂ ಮೂಲೆಗಳಲ್ಲಿ ಸಾಕಷ್ಟು. ಬಳಿಕ ಪೆಟ್ಟಿಗೆಯ ಮೂತಿಗೆ ನೀರಿನ ಬಾಟಲಿ ಕಟ್ಟಿ, ಕೆಳಮುಖ ಮಾಡಿ, ಒಂದು ಗಂಟೆ ಬಿಟ್ಟೆವು. ಮದುಮಗಳ ತಲೆಯ ಮೇಲೆ ಅದು ಕಳಚಿ ಬಿದ್ದರೆ ಬೆಳಕಿನ ಸೊಗಸನ್ನು ಕೇಳುವವರಾರು? ಬಳೆ ಅಲುಗಲಿಲ್ಲ. ಸ್ಟ್ಯಾಂಡು ಮಾತ್ರ ಮುಂದಕ್ಕೆ ವಾಲಿತು. ಅದರ ಕಾಲಿಗೆ ಮರಳಿನ ಚೀಲ ಹೇರಿದೆವು.

ಮೊದಲ ಚಿತ್ರಕ್ಕೆ ಕೂತವರು ಯಜಮಾನರ ತಾಯಿ. ಎಂಬತ್ತರ ಆ ಅಜ್ಜಿಯ ಕೆನ್ನೆಯ ಒಂದೊಂದು ಗೆರೆಯೂ ಮೂಡಿತ್ತು, ಆದರೆ ಯಾವ ಗೆರೆಯೂ ಚುಚ್ಚುತ್ತಿರಲಿಲ್ಲ. ಯಜಮಾನರು ಬಹಳ ಹೊತ್ತು ನೋಡಿದರು. ಬಾಗಿಲು ಹಾಕುವ ಮಾತನ್ನು ಆಮೇಲೆ ಎತ್ತಲಿಲ್ಲ. ಗಿರಾಕಿಗಳು ಒಮ್ಮೆಲೆ ಮುಗಿಬಿದ್ದರೆಂದಲ್ಲ. ಮೊಬೈಲಿನ ಕಾಟ ಇದ್ದೇ ಇದೆ. ಆ ಹಂಗಾಮು ಸಾಗಿತು, ನನ್ನ ಫೀಸು ಕಟ್ಟಿದ್ದಾಯಿತು.

ಸುದ್ದಿ ಕೇಳಿ ಉಳಿದೆರಡು ಊರಿನವರೂ ಅದೇ ಪೆಟ್ಟಿಗೆಗೆ ತಮ್ಮ ತಮ್ಮ ದೀಪದ ಬಳೆ ಮಾಡಿಸಿದರು. ಮೂರೂ ಬೆರಕೆಯಾಗಬಾರದೆಂದು ಚಾಚಾ ಅವುಗಳ ಮೇಲೆ ಬಸ್ಸಿನ ದಾರಿಯಂತೆ ಅಂಕಿ ಕುಟ್ಟಿದ್ದಾರೆ: ಸಿಂಧನೂರು 1, ಮಸ್ಕಿ 2, ಲಿಂಗಸೂಗೂರು 3. ಬಸ್ಸು ತಮ್ಮೂರಿನಿಂದಲೂ ಹೊರಡುತ್ತದಲ್ಲ ಎಂದು ಲಿಂಗಸೂಗೂರಿನವರ ತಕರಾರು ಇನ್ನೂ ನಡೆದಿದೆ.